ನಮ್ಮ ಬಡಾವಣೆ ಬೋರ್ಡಿನ ಮ್ಯಾಲಿನ ಪಟೇಲ್ರು

ಮೊನ್ನೆ ರಜೆಗೆ ಬೆಂಗಳೂರಿಂದ ಬಂದಿದ್ದ ನನ್ನ ಮೈದುನನ ಮಗಳು ಮೊಬೈಲ್ ಹಿಡ್ಕಂಡು ಕುಂತಿದ್ಲು. ಏನೋ ಚಪ್ಲಿ ತರಿಸ್ಬೇಕಂತೆ. "ದೊಡ್ಡಮ್ಮ, ಇಲ್ಲಿ ಅಡ್ರೆಸ್ ಏನು?" ಅಂದ್ಲು. ಮನೆ ನಂಬರು ಹೇಳಿದೆ, ಕ್ರಾಸು ಹೇಳಿದೆ, ಜೆ.ಎಚ್. ಪಟೇಲ್ ಬಡಾವಣೆ, ದಾವಣಗೆರೆ ಅಂದೆ. ಟೈಪ್ ಮಾಡ್ತಾ ಮಾಡ್ತಾ ತಲೆ ಎತ್ತದೇ ಕೇಳಿದ್ಲು, "ಪಟೇಲ್ ಅಂದ್ರೆ ಗುಜರಾತಲ್ಲಿ ದೊಡ್ಡ ಮೂರ್ತಿ ಐತಲ್ಲ, ಅವರಾ?"

ನನಗೆ ನಗು ಬಂತು. ಅವರಪ್ಪ ಹೇಳ್ತಾನೇನೋ ಅಂತ ಆ ಕಡೆ ನೋಡಿದೆ. ನಮ್ಮ ಮೈದುನ ಪೇಪರಿಂದ ಕಣ್ಣು ತೆಗೀದೇ "ಅಲ್ಲ ಕಣೆ, ಅದ್ಯಾರೋ ಹಳೇ ಸಿಎಂ" ಅಂದ. ಇದೇ ಊರಲ್ಲಿ ಹುಟ್ಟಿ, ಇದೇ ಊರಲ್ಲಿ ಬೆಣ್ಣೆ ದೋಸೆ ತಿಂದು ಬೆಳೆದವನು. ಅದ್ಯಾರೋ ಅಂತೆ! ಅವತ್ತು ಮಧ್ಯಾಹ್ನ ಅಡುಗೆಮನೆ ಕಟ್ಟೆ ಒರೆಸ್ತಾ ಒಳಗೊಳಗೇ ಸಿಟ್ಟು ಬಂತು. ಆಮೇಲೆ ಅನ್ನಿಸ್ತು, ನಾವ್ಯಾರಾದ್ರೂ ಕೂಂಡ್ರಿಸ್ಕಂಡು ಹೇಳಿದ್ವಾ? ಇಲ್ಲ. ಹಂಗಾಗಿ ಈ ಸಲ ಉಪ್ಪಿನಕಾಯಿ, ಸಂಡಿಗೆ ಎಲ್ಲಾ ಬದೀಗಿಟ್ಟು ಪಟೇಲ್ರ ಬಗ್ಗೆ ಬರೀತಿದೀನಿ. ನಾನೇನು ಇತಿಹಾಸ ಓದಿದೋಳಲ್ಲ, ಪಿಯುಸಿಗೆ ನಿಲ್ಲಿಸಿದೋಳು. ಆದ್ರೆ ಈ ಮನುಷ್ಯ ನಮ್ಮ ಮನೆ ಕಥೆಯೊಳಗೆ ಹೆಂಗೆ ಬಂದ್ರು ಅನ್ನೋದು ನನಗೆ ಗೊತ್ತು.

ಜಯದೇವಪ್ಪ ಹಾಲಪ್ಪ ಪಟೇಲ್ ಅಂತ ಪೂರ್ತಿ ಹೆಸರು. ಹುಟ್ಟಿದ್ದು 1930ರ ಅಕ್ಟೋಬರ್ 1ಕ್ಕೆ, ಚನ್ನಗಿರಿ ತಾಲ್ಲೂಕಿನ ಕಾರಿಗನೂರಲ್ಲಿ. ಪಟೇಲ್ ಅಂದ ಕೂಡ್ಲೇ ಗುಜರಾತಿಗೆ ಓಡ್ಬೇಕಾಗಿಲ್ಲ. ನಮ್ಮ ಕಡೆ ಹಳ್ಳಿ ಹಳ್ಳೀಲೂ ಪಟೇಲ, ಶಾನುಭೋಗ, ತಳವಾರ ಅಂತ ಇರ್ತಿದ್ರಲ್ಲ, ಆ ಪಟೇಲ. ನನ್ನ ಅಜ್ಜಿ ಊರಲ್ಲೂ ಪಟೇಲ್ರ ಮನೆ ಅಂದ್ರೆ ದೊಡ್ಡ ಬಾಗಿಲು, ದೊಡ್ಡ ಅಂಕಣ, ಹೆಣ್ಮಕ್ಳು ಸೆರಗು ಸರಿ ಮಾಡ್ಕಂಡೇ ಮುಂದೆ ಹಾಯ್ದು ಹೋಗ್ಬೇಕಿತ್ತು. ಅಂಥಾ ಹೆಸರಿನ ಮನೆಯಿಂದ ಬಂದು ಕಾನೂನು ಓದಿದ ಹುಡುಗ, ವಕೀಲಿಕೆ ಮಾಡ್ಕಂಡು ಅಡಿಕೆ ತೋಟ ನೋಡ್ಕಂಡು ಆರಾಮಾಗಿ ಇರಬಹುದಿತ್ತು. ಹೋಗಿ ಸೇರಿದ್ದು ಸಮಾಜವಾದಿಗಳ ಜೊತೆ.

ಅದು ಕಾಗೋಡು ಸತ್ಯಾಗ್ರಹದ ಗಾಳಿ ಬೀಸ್ತಿದ್ದ ಕಾಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಲ್ಲಿ ಗೇಣಿದಾರರು ಎದ್ದು ನಿಂತ್ರಲ್ಲ, ಅದು. ಅದರ ಮೂಲ ಏನು ಗೊತ್ತಾ? ಒಂದು ಕೊಳಗ! ಗೇಣಿ ಭತ್ತ ಅಳೆಯೋ ಕೊಳಗ. ಒಡೇರ ಮನೆ ಕೊಳಗ ದೊಡ್ಡದು, ಅದರಲ್ಲಿ ಅಳೆದು ಕೊಟ್ರೆ ಉತ್ತೋನ ಮನೇಲಿ ಕಾಳು ಉಳೀತಿರಲಿಲ್ಲ. ಸರಿಯಾದ ಅಳತೆ ಕೊಳಗದಲ್ಲಿ ಅಳೀರಿ ಅಂದಿದ್ದಕ್ಕೆ ಅಷ್ಟು ದೊಡ್ಡ ಗಲಾಟೆ ಆತು. ದೆಹಲಿ ಕಡೆಯಿಂದ ರಾಮಮನೋಹರ ಲೋಹಿಯಾ ಬಂದು ಅರೆಸ್ಟ್ ಆದ್ರು. ಶಾಂತವೇರಿ ಗೋಪಾಲಗೌಡ್ರು ಮುಂದೆ ನಿಂತ್ರು. ಗಂಡಸ್ರು ಇದನ್ನ ಭೂ ಹೋರಾಟ ಅಂತ ದೊಡ್ಡದಾಗಿ ಬರೀತಾರೆ, ನಿಜ. ಆದ್ರೆ ಅಳತೆ ಪಾತ್ರೆ ಒಂದ್ಚೂರು ದೊಡ್ಡದಾದ್ರೆ ಮನೇಲಿ ಏನಾಗ್ತತಿ ಅಂತ ನಮಗೆ ಬಿಡಿಸಿ ಹೇಳ್ಬೇಕಾ? ಪಾವು, ಸೇರು, ಬಳ್ಳ ಹಿಡಿದ ಕೈ ನಮ್ದು. ಪಟೇಲ್ರು ಇದೇ ಲೋಹಿಯಾ, ಇದೇ ಗೋಪಾಲಗೌಡ್ರ ದಾರಿಯೋರು. ಕಡೇತನಕ ತಾನು ಲೋಹಿಯಾ ಕಡೆಯೋನು ಅಂತಲೇ ಹೇಳ್ಕಂತಿದ್ರು.

ಈಗ ನಾನು ಬರೀಬೇಕು ಅಂತ ಕುಂತ ಮಾತಿಗೆ ಬರ್ತೀನಿ. 1967ರಲ್ಲಿ ಪಟೇಲ್ರು ಶಿವಮೊಗ್ಗ ಕ್ಷೇತ್ರದಿಂದ ಸಂಯುಕ್ತ ಸೋಷಲಿಸ್ಟ್ ಪಕ್ಷದೋರಾಗಿ ಗೆದ್ದು ಲೋಕಸಭೆಗೆ ಹೋದ್ರು. ಆಗ ವಯಸ್ಸು 36-37. ಅಲ್ಲಿ ಹೋಗಿ ಏನು ಮಾಡಿದ್ರು? ಎದ್ದು ನಿಂತು ಕನ್ನಡದಲ್ಲಿ ಮಾತಾಡಿದ್ರು. ಲೋಕಸಭೆಯೊಳಗೆ ಕನ್ನಡ ಕೇಳಿಸಿದ್ದು ಅದೇ ಮೊದಲು.

ಇದರಲ್ಲೇನೈತಿ ದೊಡ್ಡದು ಅಂತ ನಮ್ಮ ಹುಡ್ಗಿ ಕೇಳಿದ್ಲು. ಅದಕ್ಕೇ ಬಿಡಿಸಿ ಹೇಳ್ತೀನಿ. ನಮ್ಮ ಸಂವಿಧಾನದಲ್ಲಿ 120ನೇ ವಿಧಿ ಅಂತ ಐತಿ. ಪಾರ್ಲಿಮೆಂಟಲ್ಲಿ ಹಿಂದಿ ಇಲ್ಲಾ ಇಂಗ್ಲಿಷಲ್ಲಿ ಮಾತಾಡ್ಬೇಕು, ಎರಡರಲ್ಲೂ ಸರಿಯಾಗಿ ಹೇಳಾಕೆ ಬರದೇ ಇದ್ದೋರು ಸಭಾಪತಿ ಒಪ್ಪಿದ್ರೆ ತಾಯಿ ಮಾತಲ್ಲಿ ಮಾತಾಡಬಹುದು ಅನ್ನೋದು ಅದರ ಅರ್ಥ. ಅಂದ್ರೆ ಬರದೇ ಇದ್ದೋರಿಗೆ ಒಂದು ರಿಯಾಯ್ತಿ. ಪಟೇಲ್ರು ಕಾನೂನು ಓದಿದೋರು, ಇಂಗ್ಲಿಷ್ ಬರಾದಿಲ್ಲ ಅನ್ನಂಗಿರಲಿಲ್ಲ. ಬಂದ್ರೂ ಕನ್ನಡದಾಗೇ ಮಾತಾಡ್ತೀನಿ ಅಂತ ನಿಂತ್ರು. ಅವಾಗ ಸ್ಪೀಕರ್ ಆಗಿದ್ದೋರು ನೀಲಂ ಸಂಜೀವರೆಡ್ಡಿ, ಆಂಧ್ರದೋರು. ಅವರು ಮಾತಾಡ್ಲಿ ಬಿಡ್ರಿ ಅಂತ ಒಪ್ಪಿದ್ರು. ನೋಡ್ರಿ, ಪಕ್ಕದ ಮನೆಯೋರಿಗೇ ನಮ್ಮ ಕಷ್ಟ ಗೊತ್ತಾಗಾದು.

ಇನ್ನೊಂದು ಮಾತು ನೆನಪಿಡ್ರಿ. 1967ರಲ್ಲಿ ನಮ್ಮ ರಾಜ್ಯದ ಹೆಸರು ಕರ್ನಾಟಕ ಅಂತಲೇ ಇರಲಿಲ್ಲ, ಮೈಸೂರು ರಾಜ್ಯ ಅಂತಿತ್ತು. ಕರ್ನಾಟಕ ಅಂತ ಆಗಿದ್ದು 1973ರ ನವೆಂಬರ್ 1ಕ್ಕೆ. ಅಂದ್ರೆ ರಾಜ್ಯಕ್ಕೆ ಆ ಹೆಸರು ಬರೋಕೆ ಆರು ವರ್ಷ ಮುಂಚೆ ಚನ್ನಗಿರಿ ಕಡೆ ಮಾತು ದಿಲ್ಲಿ ದರ್ಬಾರಿಗೆ ಹೋಗಿ ಬಂತು.

ನಾನು ಇದನ್ನ ಯಾಕೆ ಇಷ್ಟು ಹಿಡ್ಕಂಡಿದೀನಿ ಅಂದ್ರೆ, ಮಾತಿನ ನಾಚಿಕೆ ನಾನೂ ಉಂಡಿದೀನಿ. ನಾನು ಹರಿಹರದೋಳು. ಪಿಯುಸಿ ಮುಗಿದ ವರ್ಷ ಬೆಂಗಳೂರಲ್ಲಿ ನೆಂಟರ ಮದುವೆಗೆ ಹೋಗಿದ್ವಿ. ಪಂಕ್ತಿ ಹಾಕಿದ್ರು, ನಾನು ಸಡಗರದಾಗೆ "ಉಣ್ಣಾಕ್ ಬರ್ರಿ, ಕೂಳು ಆರ್ತತಿ" ಅಂತ ನಮ್ಮವ್ವನ್ನ ಕೂಗಿದೆ. ಅಲ್ಲಿದ್ದ ನನ್ನ ವಾರಿಗೆ ಹುಡ್ಗೀರು ಬಾಯಿ ಮುಚ್ಕಂಡು ನಕ್ಕು ನಕ್ಕು ಸುಸ್ತಾದ್ರು. "ಕೂಳಂತೆ ಕಣೇ!" ಆವತ್ತಿಂದ ಎಷ್ಟೋ ವರ್ಷ ಹೊರಗೆ ಹೋದ್ರೆ "ಊಟಕ್ಕೆ ಬನ್ನಿ" ಅಂತ ಮೊದ್ಲು ಮನಸ್ಸಲ್ಲೇ ಒಂದ್ಸಲ ಹೇಳ್ಕಂಡು ಆಮೇಲೆ ಬಾಯಿ ಬಿಡ್ತಿದ್ದೆ. ಬ್ಯಾಂಕಿಗೆ ಹೋದ್ರೂ ಅಷ್ಟೇ, ಆಸ್ಪತ್ರೆಗೆ ಹೋದ್ರೂ ಅಷ್ಟೇ. ಬಾಯೊಳಗೇ ಅರ್ಧ ಮಾತು ಸಾಯ್ತಿತ್ತು. ಎಷ್ಟೋ ಕಾಲ ಆದಮ್ಯಾಲೆ, ದಿಲ್ಲಿಗೆ ಹೋದೋರೇ ತಮ್ಮ ಮಾತು ಬಿಡಲಿಲ್ಲ ಅಂತ ಓದಿದಾಗ, ಆ ಪಂಕ್ತಿ ಮದುವೆ ನೆನಪಾಗಿ ಒಬ್ಳೇ ಕುಂತು ನಕ್ಕೆ.

ಮುಂದಿಂದು ಬೇಗ ಹೇಳಿ ಮುಗಿಸ್ತೀನಿ. ಎಮರ್ಜೆನ್ಸೀಲಿ ಜೈಲಿಗೆ ಹೋದ್ರು. 1978ರಿಂದ ಚನ್ನಗಿರಿಯಿಂದ ವಿಧಾನಸಭೆಗೆ ಬಂದ್ರು. ಹೆಗಡೆಯವರ ಕಾಲಕ್ಕೆ ಮಂತ್ರಿಯಾದ್ರು. 1994ರಲ್ಲಿ ದೇವೇಗೌಡ್ರು ಮುಖ್ಯಮಂತ್ರಿ, ಇವರು ಉಪಮುಖ್ಯಮಂತ್ರಿ. 1996ರಲ್ಲಿ ಗೌಡ್ರು ಪ್ರಧಾನಿ ಆಗಾಕೆ ದಿಲ್ಲಿಗೆ ಹೊಂಟಾಗ, ಮೇ 31ಕ್ಕೆ ಪಟೇಲ್ರು ಮುಖ್ಯಮಂತ್ರಿ ಆದ್ರು. ನನಗೆ ಮದುವೆಯಾಗಿ ಈ ಊರಿಗೆ ಬಂದು ಆಗಲೇ ಕೆಲವು ವರ್ಷ ಆಗಿತ್ತು.

ಇನ್ನು ಜಿಲ್ಲೆ ಕಥೆ. ಇದು ಸಾವಕಾಶ ಹೇಳಾ ಕಥೆ.

ಈಗಿನ ಹುಡುಗ್ರಿಗೆ ದಾವಣಗೆರೆ ಅಂದ್ರೆ ಮೊದಲಿಂದಲೂ ಜಿಲ್ಲೆ. ನಮಗೆ ಹಂಗಲ್ಲ. ನಾವು ಸ್ಕೂಲಲ್ಲಿ ಬರೆದಿದ್ದು "ಹರಿಹರ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ" ಅಂತ. ದಾವಣಗೆರೆ ಏನು ಸಣ್ಣ ಊರಾ? ಹತ್ತಿ ಮಿಲ್ಲುಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು. ಮೆಡಿಕಲ್ ಕಾಲೇಜು 1965ಕ್ಕೇ ಬಂದಿತ್ತು, ಇಂಜಿನಿಯರಿಂಗ್ ಕಾಲೇಜು ಅದಕ್ಕೂ ಮುಂಚೆ 1951ಕ್ಕೇ. ಇತ್ಲಾಗೆ ನಮ್ಮ ಹರಿಹರದಾಗೆ 1941ರಿಂದ ಮೈಸೂರು ಕಿರ್ಲೋಸ್ಕರ್ ಫ್ಯಾಕ್ಟರಿ, ಅದರ ಲೇಥ್ ಮಷೀನು ದೇಶಕ್ಕೆಲ್ಲಾ ಹೋಗ್ತಿದ್ವು. ಇಷ್ಟೆಲ್ಲಾ ಇದ್ದೂ ಡೀಸಿ ಆಫೀಸಿನ ಒಂದು ಸೀಲು ಬೇಕಂದ್ರೆ ಚಿತ್ರದುರ್ಗಕ್ಕೇ ಹೋಗ್ಬೇಕು. ದಾವಣಗೆರೆಯಿಂದ 60 ಕಿಲೋಮೀಟರು, ಹರಿಹರದೋರಿಗೆ ಅದರ ಮ್ಯಾಲೆ ಇನ್ನೊಂದು 14. ಮನೆ ದೊಡ್ಡದು, ಬೀಗದ ಕೈ ಮಾತ್ರ ಪಕ್ಕದ ಊರಲ್ಲಿ, ಹಂಗಿತ್ತು ನಮ್ಮ ಪರಿಸ್ಥಿತಿ.

ನಮ್ಮಪ್ಪ ಹೋದಮ್ಯಾಲೆ ಹೊಲದ ಕಾಗದ ಒಂದು ಡೀಸಿ ಆಫೀಸಲ್ಲಿತ್ತು. ಅಣ್ಣ ಇನ್ನೂ ಸಣ್ಣೋನು. ನಮ್ಮವ್ವನೇ ಓಡಾಡ್ಬೇಕಾತು. ಅವ್ವ ನಾಕನೇ ಕ್ಲಾಸು. ಬೆಳಿಗ್ಗೆ ನಾಕಕ್ಕೆದ್ದು ರೊಟ್ಟಿ ಬಡಿದು, ಅರ್ಧ ನಮಗೆ ಮುಚ್ಚಿಟ್ಟು, ಇನ್ನರ್ಧ ಶೇಂಗಾ ಚಟ್ನಿಪುಡಿ ಜೊತೆ ಬುತ್ತಿ ಕಟ್ಕಂಡು, ಹರಿಹರದ ಬಸ್‌ಸ್ಟ್ಯಾಂಡಿಗೆ ನಡ್ಕಂಡು ಹೋಗ್ತಿದ್ಲು. ದಾವಣಗೆರೇಲಿ ಇಳಿದು ಇನ್ನೊಂದು ಬಸ್ಸು. ಆನಗೋಡು, ಭರಮಸಾಗರ, ಸಿರಿಗೆರೆ ಕ್ರಾಸು ಅಂತ ಆ ಪಿ.ಬಿ. ರೋಡಿನ ಊರುಗಳ ಹೆಸರು ಅವ್ವನಿಗೆ ದೇವರ ನಾಮದಂಗೆ ಬಾಯಿಪಾಠ ಆಗಿದ್ವು. ಆಗ ಈಗಿನಂಗೆ ಅಗಲ ರಸ್ತೆ ಎಲ್ಲೈತಿ? ಎದುರಿಗೆ ಲಾರಿ ಬಂದ್ರೆ ಜೀವ ಕೈಯಾಗೆ. ಕೆಲಸ ಹತ್ತು ನಿಮಿಷದ್ದೇ ಇರಲಿ, ಹೋಗಿ ಬರಾಕೆ ಇಡೀ ದಿನ. ಆ ದಿನದ ಕೂಲಿ ಹೋತು, ಬಸ್ ಚಾರ್ಜು ಹೋತು, ನಾವು ಮಕ್ಳು ಪಕ್ಕದ ಮನೆ ಕಟ್ಟೆ ಮ್ಯಾಲೆ ಕತ್ತಲಾಗಾ ತನಕ ಕುಂತಿರ್ತಿದ್ವಿ.

ಒಂದ್ಸಲ ಪಹಣಿ ಪತ್ರ ಮನೇಲೇ ಗೂಡಲ್ಲಿ ಬಿಟ್ಟು ಹೋಗಿದ್ಲು. ಅಲ್ಲಿ ಹೋಗಿ ಚೀಲ ತೆಗೆದು ನೋಡಿದ್ರೆ ಇಲ್ಲ. ಇನ್ನೊಂದ್ಸಲ ಸರ್ಕಾರಿ ರಜೆ ಅಂತ ಗೊತ್ತಿಲ್ದೇ ಹೋಗಿ ಬಾಗ್ಲು ಹಾಕಿದ್ದು ನೋಡಿ ಬಂದ್ಲು. ಯಾರನ್ನ ಬೈಯ್ಯಾದು? ಯಾರ ತಪ್ಪೂ ಅಲ್ಲ. ಮರೆವು ಎಲ್ಲರಿಗೂ ಇರ್ತತಿ. ಆದ್ರೆ ಆಫೀಸು ಊರೊಳಗಿದ್ರೆ ಮರೆವಿಗೆ ಅರ್ಧ ಗಂಟೆ ದಂಡ, 75 ಕಿಲೋಮೀಟರು ಆಚೆ ಇದ್ರೆ ಒಂದು ದಿನದ ದುಡಿಮೆ ದಂಡ. ಆವತ್ತು ರಾತ್ರಿ ಅವ್ವ ಊಟ ಮಾಡ್ದೇ ಬುತ್ತಿ ಗಂಟು ಹಂಗೇ ಬಿಚ್ಚಿಟ್ಟಿದ್ಲು. ಆ ಒಣಗಿದ ರೊಟ್ಟೀನ ನಾನೂ ಅಣ್ಣನೂ ಬೆಳಿಗ್ಗೆ ಮಜ್ಜಿಗೇಲಿ ನೆನೆಸ್ಕಂಡು ತಿಂದ್ವಿ. ಜಿಲ್ಲೆ ಅಂದ್ರೇನು ಅಂತ ನನಗೆ ತಿಳಿದಿದ್ದು ಆವತ್ತು.

ಜಿಲ್ಲೆ ಒಡೀರಿ, ಹೊಸ ಜಿಲ್ಲೆ ಮಾಡ್ರಿ ಅನ್ನೋ ಕೂಗು ಹಳೇದು. ವಾಸುದೇವರಾವ್ ಸಮಿತಿ, ಹುಂಡೇಕಾರ್ ಸಮಿತಿ ಅಂತ ಸಮಿತಿಗಳು ಕುಂತವು, ವರದಿ ಕೊಟ್ವು, ವರದಿಗಳು ಬೀರು ಸೇರಿದ್ವು. ಯಾವ ಊರನ್ನ ಜಿಲ್ಲೆ ಮಾಡಿದ್ರೂ ಪಕ್ಕದೂರಿಗೆ ಸಿಟ್ಟು ಬರ್ತತಿ. ಅದಕ್ಕೆ ಯಾರೂ ಕೈ ಹಾಕ್ತಿರಲಿಲ್ಲ. ಸೊಸೆಯಂದ್ರಿಗೆ ಪಾಲು ಹಂಚೋ ಅತ್ತೆ ಕಷ್ಟ ಅದು. ಒಡವೆ ಪೆಟ್ಟಿಗೆ ತೆಗೆಯೋ ತನಕ ಎಲ್ಲಾ ಚೆಂದ.

ಪಟೇಲ್ರು ಪೆಟ್ಟಿಗೆ ತೆಗೆದೇ ಬಿಟ್ರು. 1997ರಲ್ಲಿ ಒಂದೇ ಸಲಕ್ಕೆ ಏಳು ಜಿಲ್ಲೆ. ದಾವಣಗೆರೆ, ಹಾವೇರಿ, ಗದಗ, ಬಾಗಲಕೋಟೆ, ಕೊಪ್ಪಳ, ಉಡುಪಿ, ಚಾಮರಾಜನಗರ. ಅಲ್ಲೀತನಕ ರಾಜ್ಯದಾಗೆ 20 ಜಿಲ್ಲೆ ಇದ್ವು, 27 ಆದ್ವು. ನಮ್ಮದು ಆಗಿದ್ದು ಆ ವರ್ಷದ ಆಗಸ್ಟ್ 15ಕ್ಕೆ. ಸ್ವಾತಂತ್ರ್ಯ ಬಂದು ಸರಿಯಾಗಿ 50 ವರ್ಷ ತುಂಬಿದ ದಿನ. ಆವತ್ತು ನಮ್ಮ ಮನೇಲಿ ಹೋಳಿಗೆ ಮಾಡಿದ್ವಿ. ನಮ್ಮತ್ತೆ "ಯಾವ ಹಬ್ಬಾನೇ ಇವತ್ತು?" ಅಂದ್ರು. "ಜಿಲ್ಲೆ ಹಬ್ಬ" ಅಂದೆ.

ಹೊಸ ಜಿಲ್ಲೆಗೆ ಮೂರು ಕಡೆಯಿಂದ ಊರು ಬಂದ್ವು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ. ಬಳ್ಳಾರಿಯಿಂದ ಹರಪನಹಳ್ಳಿ. ಇಲ್ಲೊಂದು ವಿಷಯ ಗಮನಿಸ್ರಿ. ಚನ್ನಗಿರಿ ಪಟೇಲ್ರ ಸ್ವಂತ ತಾಲ್ಲೂಕು. ಆ ಕಡೆಯೋರಿಗೆ ಶಿವಮೊಗ್ಗನೇ ಹತ್ತಿರ. ಅವರ ಸಂತೆ, ಅಡಿಕೆ ವ್ಯಾಪಾರ, ಬೀಗತನ ಎಲ್ಲಾ ಅತ್ಲಾಗೇ ಜಾಸ್ತಿ. ನಮ್ಮ ಓರಗಿತ್ತಿ ತೌರು ಹೊನ್ನಾಳಿ. ಅವಳು ಇವತ್ತಿಗೂ "ನಿಮಗೆ ಜಿಲ್ಲೆ ಹತ್ರ ಬಂತು, ನಮಗೆ ದೂರ ಹೋತು" ಅಂತ ಕುಟುಕ್ತಾಳೆ. ಅವಳ ಮಾತು ಸುಳ್ಳಲ್ಲ. ನನಗೆ ಹೋಳಿಗೆ ಆಗಿದ್ದು ಅವಳ ತೌರಿಗೆ ಎರಡು ಬಸ್ಸು ಆಗಿತ್ತು. ಗೆರೆ ಎಲ್ಲಿ ಎಳೆದ್ರೂ ಯಾರದೋ ಅಂಗಳದ ಮ್ಯಾಲೇ ಹೋಗ್ತತಿ. ಹರಪನಹಳ್ಳಿಯೋರಂತೂ 2018ರಲ್ಲಿ ವಾಪಸ್ ಬಳ್ಳಾರಿಗೆ ಹೋದ್ರು, ಈಗ ವಿಜಯನಗರ ಜಿಲ್ಲೇಲಿದ್ದಾರೆ. ಅವರಿಗೆ 371ಜೆ ಅನುಕೂಲ ಬೇಕಿತ್ತು, ಹೋಗ್ಲಿ, ಮಕ್ಳಿಗೆ ಸೀಟು, ನೌಕರಿ ಸಿಗ್ಲಿ.

ಜಿಲ್ಲೆ ಆಗಿದ್ದಕ್ಕೆ ಏನು ಬಂತು ಅಂತ ಲೆಕ್ಕ ಹಾಕಿದ್ರೆ, ಡೀಸಿ ಆಫೀಸು ಬಂತು, ಎಸ್ಪಿ ಆಫೀಸು ಬಂತು, ಜಿಲ್ಲಾ ಪಂಚಾಯ್ತಿ ಬಂತು. ಜಿಲ್ಲಾ ಪಂಚಾಯ್ತಿ ಅಂದ್ರೆ ಮೂರರಲ್ಲೊಂದು ಪಾಲು ಸೀಟು ಹೆಂಗಸ್ರಿಗೆ, ಆಗ ಕಾನೂನೇ ಹಂಗಿತ್ತು. ಜಗಳೂರು, ಹರಿಹರದ ಹಳ್ಳಿ ಹೆಂಗಸ್ರು ಕುರ್ಚಿ ಮ್ಯಾಲೆ ಕೂಂಡ್ರಾಕೆ ದುರ್ಗಕ್ಕೆ ಹೋಗಾದು ತಪ್ಪಿತು. 2007ರಲ್ಲಿ ಊರು ಮಹಾನಗರಪಾಲಿಕೆ ಆತು. 2009ರಲ್ಲಿ ತೋಳಹುಣಸೆ ಹತ್ರ ಶಿವಗಂಗೋತ್ರೀಲಿ ನಮ್ಮದೇ ಯೂನಿವರ್ಸಿಟಿ ಆತು. ಇವೆಲ್ಲಾ ಪಟೇಲ್ರು ಮಾಡಿದ್ದಲ್ಲ, ಅವರು ಆಗಲೇ ಇರಲಿಲ್ಲ. ಆದ್ರೆ ಜಿಲ್ಲೆ ಅನ್ನೋ ಹೊಸಲು ಹಾಕಿದ್ದಕ್ಕೇ ಒಂದೊಂದೇ ಒಳಗೆ ಬಂದ್ವು ಅಂತ ನನ್ನ ಲೆಕ್ಕ. ನನ್ನ ಮಗಳು ಎಂ.ಕಾಂ. ಅನ್ನ ಮನೆಯಿಂದಲೇ ಹೋಗಿ ಬಂದು ಓದಿದ್ಲು. ಹಾಸ್ಟೆಲ್ಲು ಅಂದಿದ್ರೆ ಅವರಪ್ಪ ಕಳಿಸ್ತಿದ್ರಾ? ನನಗೆ ಅನುಮಾನ.

ಬರೀ ಹೊಗಳಿದ್ರೆ ನೀವು ನಂಬಲ್ಲ, ನಾನೂ ನಂಬಲ್ಲ. ಪಟೇಲ್ರ ಇನ್ನೊಂದು ಮುಖ ಎಲ್ಲರಿಗೂ ಗೊತ್ತು. ಕುಡಿತ, ಹೆಣ್ಣು ಎರಡೂ ತನ್ನ ದೌರ್ಬಲ್ಯ ಅಂತ ಅವರೇ ಬಹಿರಂಗವಾಗಿ ಒಪ್ಕಂಡಿದ್ರು. ಪತ್ರಿಕೆಯೋರು ಅದನ್ನ ಚಪ್ಪರಿಸ್ಕಂಡು ಬರೆದ್ರು. ಆಗ ನಮ್ಮ ಓಣಿ ಹೆಂಗಸ್ರಲ್ಲಿ ಎರಡು ಪಾರ್ಟಿ ಆಗಿತ್ತು. ಒಂದು ಪಾರ್ಟಿ, "ಮುಚ್ಚಿಟ್ಟು ಮಾಡೋರಿಗಿಂತ ಬಾಯಿಬಿಟ್ಟು ಹೇಳಿದ ಮನುಷ್ಯ ವಾಸಿ" ಅಂತ. ಇನ್ನೊಂದು ಪಾರ್ಟಿ, "ಹೇಳಿಬಿಟ್ರೆ ಮಾಫಿಯಾ? ಆ ಮನೆ ಹೆಣ್ಮಕ್ಳು ಏನು ಅನುಭವಿಸ್ತಾರೆ?" ಅಂತ. ನಾನು ಎರಡನೇ ಪಾರ್ಟಿ, ಈಗಲೂ. ನಿಜ ಹೇಳೋದು ಬ್ಯಾರೆ, ಅದನ್ನ ಜೋಕು ಮಾಡೋದು ಬ್ಯಾರೆ. ಗಂಡಸ್ರು ಕಟ್ಟೆ ಮ್ಯಾಲೆ ಕುಂತು "ನಮ್ಮ ಸಿಎಂ ನೋಡ್ರಿ" ಅಂತ ಹಲ್ಲು ಕಿರಿಯೋರು, ಅತ್ಲಾಗೆ ಅವರ ಹೆಂಡ್ರು ಸಾರಾಯಿ ಅಂಗ್ಡಿ ಮುಂದೆ ಸಂಬಳ ಕಾಯ್ತಾ ನಿಂತಿರೋರು. ಸಾರಾಯಿ ನಿಂತಿದ್ದು 2007ರಲ್ಲಿ, ಪಟೇಲ್ರ ಕಾಲದಾಗಲ್ಲ. ಅಷ್ಟು ಓದಿದ, ಬಸವಣ್ಣ, ಲೋಹಿಯಾ ಅಂತ ಮಾತಾಡೋ ಮನುಷ್ಯನಿಗೆ ಈ ಒಂದು ವಿಷಯದಾಗೆ ನಮ್ಮ ಕಡೆಯಿಂದ ನೋಡಾಕೆ ಆಗಲಿಲ್ಲ ಅನ್ನೋದು ನನ್ನ ದೂರು. ದೂರು ಇಟ್ಕಂಡೇ ಗೌರವ ಕೊಡ್ತೀನಿ. ಮನೇಲಿ ಹಿರೇರ ಜೊತೆ ನಾವು ಮಾಡೋದೂ ಅದೇ ಅಲ್ಲಾ?

ಸೋಮಾರಿ, ಮೀಟಿಂಗಲ್ಲಿ ತೂಕಡಿಸ್ತಾರೆ ಅಂತಲೂ ಅವರ ಮ್ಯಾಲೆ ಮಾತಿತ್ತು. ಇರಬಹುದು. ಆದ್ರೆ ಗಡಿಬಿಡಿ ಮಾಡೋ ಎಷ್ಟೋ ಜನ ಏಳು ಜಿಲ್ಲೆ ಮಾಡಲಿಲ್ಲ, ತೂಕಡಿಸೋರು ಮಾಡಿದ್ರು.

ಇನ್ನೊಂದು ಕಹಿ ಮಾತೂ ಹೇಳ್ಬೇಕು. ಜಿಲ್ಲೆ ಅನ್ನೋ ಬೋರ್ಡು ಬಂದ ಕಾಲಕ್ಕೇ ಊರಿನ ಕೈ ಖಾಲಿಯಾಗ್ತಾ ಇತ್ತು. ದಾವಣಗೆರೆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದ್ವು. ಒಂದು ಕಾಲಕ್ಕೆ ಮಿಲ್ ಕಾರ್ಮಿಕರ ನಾಯಕ ಪಂಪಾಪತಿಯವರನ್ನ 1978, 1983, 1985 ಅಂತ ಮೂರು ಸಲ ಗೆಲ್ಲಿಸಿದ ಊರಿದು, ಕೆಂಬಾವುಟದ ಊರು. ಅವರ ಬಗ್ಗೆ ಬರೀಬೇಕಂದ್ರೆ ಇನ್ನೊಂದಿನ ಬೇಕು. ಮಿಲ್ಲಿನ ಸೈರನ್ ಕೇಳಿ ಅನ್ನಕ್ಕಿಡ್ತಿದ್ದ ಹೆಂಗಸ್ರು ಆಮೇಲೆ ಗಡಿಯಾರ ನೋಡಾದು ಕಲಿತ್ರು. ಹರಿಹರದಾಗೆ ಕಿರ್ಲೋಸ್ಕರ್ ಫ್ಯಾಕ್ಟರೀನೂ ಹಂಗೇ ನಿಂತೋತು. ನನ್ನ ಜೊತೆ ಓದಿದ ಎಷ್ಟೋ ಹುಡ್ಗೀರ ಮನೇಲಿ ಒಲೆ ಉರಿಯೋದು ಕಷ್ಟ ಆತು. ಡೀಸಿ ಆಫೀಸು ಹತ್ತಿರ ಬಂತು, ಸಂಬಳ ದೂರ ಹೋತು. ಇದಕ್ಕೆ ಪಟೇಲ್ರೊಬ್ಬರನ್ನೇ ಹೊಣೆ ಮಾಡಾಕಾಗಲ್ಲ. ಹಂಗಂತ ಆ ಕಾಲವನ್ನ ಬರೀ ಹೋಳಿಗೆ ಕಾಲ ಅಂತ ಬರೆದ್ರೆ ಆ ಮನೆಗಳಿಗೆ ಮೋಸ ಆಗ್ತತಿ.

1999ರಲ್ಲಿ ಲೋಕಸಭೆ ಚುನಾವಣೆ ಜೊತೆಗೇ ಆಗ್ಲಿ ಅಂತ ವಿಧಾನಸಭೇನ ಮುಂಚೇನೇ ವಿಸರ್ಜನೆ ಮಾಡಿ ಚುನಾವಣೆಗೆ ಹೋದ್ರು. ಸರ್ಕಾರವೂ ಹೋತು, ಚನ್ನಗಿರೀಲಿ ಸ್ವತಃ ಪಟೇಲ್ರೂ ಸೋತ್ರು. ಗೆದ್ದೋರು ವಡ್ನಾಳ್ ರಾಜಣ್ಣ, ಪಕ್ಷೇತರ. ಮುಖ್ಯಮಂತ್ರಿ ಕುರ್ಚೀಲಿ ಕುಂತೋರನ್ನ ಸ್ವಂತ ತಾಲ್ಲೂಕೇ ಸೋಲಿಸ್ತು. ಆವತ್ತು ನಮ್ಮ ಓರಗಿತ್ತಿ ಫೋನ್ ಮಾಡಿ "ನೋಡಿದ್ಯಾ, ನಮ್ಮನ್ನ ದೂರ ಹಾಕಿದ್ದಕ್ಕೆ" ಅಂದ್ಲು. ಅದೊಂದೇ ಕಾರಣ ಅಲ್ಲ, ಪಕ್ಷ ಒಡೆದಿತ್ತು, ಬಿಜೆಪಿ ಜೊತೆ ಹೋಗಿದ್ದು ಎಷ್ಟೋ ಜನಕ್ಕೆ ಹಿಡಿಸಿರಲಿಲ್ಲ. ಆದ್ರೂ ಅವಳ ಮಾತಲ್ಲಿ ಒಂದು ಚಿಟಿಕೆ ಉಪ್ಪಿತ್ತು. ಮುಂದಿನ ವರ್ಷ, 2000ದ ಡಿಸೆಂಬರ್ 12ಕ್ಕೆ ಪಟೇಲ್ರು ತೀರ್ಕಂಡ್ರು. 70 ವರ್ಷ. ಕಾರಿಗನೂರಲ್ಲೇ ಮಣ್ಣು ಮಾಡಿದ್ರು. ಆವತ್ತು ಅದೇ ಓರಗಿತ್ತಿ ಫೋನಲ್ಲಿ ಅತ್ಲು. ಬೈಯ್ಯೋ ಹಕ್ಕಿದ್ದೋರಿಗೇ ಅಳು ಬರಾದು.

ಅವ್ವನ ಕಾಗದದ ಕಥೆ ಅರ್ಧಕ್ಕೇ ಬಿಟ್ಟೆ. ಅದು ಎಷ್ಟೋ ವರ್ಷ ಎಳೀತು. ಜಿಲ್ಲೆ ಆದಮ್ಯಾಲೆ ಫೈಲು ದಾವಣಗೆರೆಗೇ ಬಂತು ಅಂತ ಗೊತ್ತಾತು. ನಾನು "ಬಾರವ್ವ, ನನ್ನ ಮನೇಲಿ ಇದ್ದು ಹೋಗಿ ಬರಾನ" ಅಂದೆ. ಅವ್ವ ಹಿಂದಿನ ರಾತ್ರಿ ಬಂದು, ಬೆಳಿಗ್ಗೆ ಆರಕ್ಕೆದ್ದು ಆರಾಮಾಗಿ ಸ್ನಾನ, ಪೂಜೆ ಮುಗಿಸಿ, ಅವಲಕ್ಕಿ ತಿಂದು, ಆಟೋದಾಗೆ ನನ್ನ ಜೊತೆ ಹೊಂಟ್ಲು. ಬುತ್ತಿ ಗಂಟು ಕಟ್ಟಲಿಲ್ಲ. ಆದ್ರೂ ಹೊಂಟಾಗ ಕೈ ಅಭ್ಯಾಸಕ್ಕೆ ಅಡುಗೆಮನೆ ಕಡೆ ಹೋಗಿ ನಿಂತ್ಲು, ಆಮೇಲೆ ನಕ್ಕು ವಾಪಸ್ ಬಂದ್ಲು.

ಆಫೀಸಲ್ಲಿ ನಾನು ನನ್ನ ಬೆಂಗಳೂರು ಕನ್ನಡ ಜೋಡಿಸ್ಕಂತಾ ಇದ್ದೆ, "ಸರ್, ನಮ್ಮ ತಾಯಿಯವರ ಅರ್ಜಿ…" ಅಂತ. ಅವ್ವ ನನ್ನ ಬದೀಗೆ ಸರಿಸಿ, "ಯಪ್ಪಾ, ಹೊಲ ನಂದು, ಗಂಡ ಇಲ್ಲ, ಕಾಗದ ದುರ್ಗದಿಂದ ಇಲ್ಲಿಗೆ ಬಂದೈತಂತೆ, ಹುಡುಕಿ ಕೊಡು" ಅಂದ್ಲು. ಆ ಹುಡುಗ ತಲೆ ಎತ್ತಿ "ಯಾವೂರಮ್ಮ?" ಅಂದ. ಹರಿಹರ ಅಂದ್ಲು. ಅವನೂ ಆ ಕಡೆ ಹಳ್ಳಿಯೋನೇ. "ಕೂಂಡ್ರವ್ವ, ತೆಗೀತೀನಿ" ಅಂದ. ಹನ್ನೊಂದು ಗಂಟೆಗೆ ನಾವು ವಾಪಸ್ ಮನೇಲಿದ್ವಿ. ಒಂದೇ ಸಲಕ್ಕೆ ಮುಗೀತು ಅಂತಲ್ಲ, ಇನ್ನೂ ಮೂರ್ನಾಕು ಸಲ ಹೋದ್ವಿ. ಆದ್ರೆ ಒಂದ್ಸಲಾನೂ ಅವ್ವ ಬಸ್ಸಲ್ಲಿ ಕತ್ತಲಾಗಿಸ್ಕಂಡು ಬರಲಿಲ್ಲ.

ಅವ್ವ ಹೋಗಿ ಈಗ ಒಂಬತ್ತು ವರ್ಷ. ಅವಳ ಟ್ರಂಕು ನನ್ನ ಹತ್ರಾನೇ ಐತಿ. ಮೊನ್ನೆ ಹುಡ್ಗಿ ಕೇಳಿದ ಮ್ಯಾಲೆ ತೆಗೆದು ಆ ಕಾಗದಗಳನ್ನ ಅವಳ ಮುಂದೆ ಹರವಿದೆ. ಹಳದಿ ಬಣ್ಣಕ್ಕೆ ತಿರುಗಿದ ಹಾಳೆಗಳು. ಹಳೇ ಹಾಳೆ ಮ್ಯಾಲೆ ಚಿತ್ರದುರ್ಗ ಜಿಲ್ಲೆ ಅಂತ ಸೀಲು, ಕಡೇ ಎರಡು ಹಾಳೆ ಮ್ಯಾಲೆ ದಾವಣಗೆರೆ ಜಿಲ್ಲೆ ಅಂತ ಸೀಲು. ಹುಡ್ಗಿ ಎರಡನ್ನೂ ಅಕ್ಕಪಕ್ಕ ಇಟ್ಟು ಮೊಬೈಲಲ್ಲಿ ಫೋಟೋ ತಗಂಡ್ಲು. "ಅವರು ದಿಲ್ಲೀಲಿ ಕನ್ನಡ ಮಾತಾಡಿದ್ದು ಯೂಟ್ಯೂಬಲ್ಲಿ ಐತಾ ದೊಡ್ಡಮ್ಮ?" ಅಂದ್ಲು. 1967ರಲ್ಲಿ ಲೋಕಸಭೆ ಟೀವೀಲಿ ಬರ್ತಿರಲಿಲ್ಲ ಕಣೆ, ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನೀನು ಕೇಳೇ ಇಲ್ವಾ?" ಅಂದ್ಲು. ಇಲ್ಲ, ಕೇಳಿಲ್ಲ.

ಚಪ್ಲಿ ಮೂರು ದಿನಕ್ಕೆ ಬಂತು. ಒಂದು ನಂಬರ್ ಸಣ್ಣದಾತು. ವಾಪಸ್ ಕಳಿಸಾಕೆ ಮತ್ತೆ ಅಡ್ರೆಸ್ ಕೇಳ್ತಂತೆ, ಈ ಸಲ ನನ್ನ ಕೇಳಲಿಲ್ಲ, ಅವಳೇ ಟೈಪ್ ಮಾಡಿದ್ಲು.